ಗುಜರಿ ಟರ್ಬೊ ಮತ್ತು ನಿನ್ನ 350

ಮಡಿಕೇರಿ
ಭಾನುವಾರ

ಪುಟ್ಟಿ,

ಗುಜರಿಯಿಂದ ತಂದ ಟರ್ಬೊವನ್ನು ಬೈಕಿಗೆ ಹಾಕುತ್ತೇನೆ ಅಂತ ನೀನು ಕಳಿಸಿದ ಫೋಟೋ ನೋಡಿದೆ. ಬಸವನ ಹುಳುವಿನ ಚಿಪ್ಪಿನ ಹಾಗೆ ಚೆಂದವಾಗಿಯೇ ಇದೆ. ಇಂಜಿನ್ನಿನ ಬಿಸಿ ಹೊಗೆಯಿಂದ ಚಕ್ರ ತಿರುಗಿಸಿ, ಅದೇ ಇಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ ಯಂತ್ರ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಅಮ್ಮನಿಗೂ ತೋರಿಸಿದೆ. ತೋಟಕ್ಕೆ ಹೊಸ ಪಂಪು ತರುತ್ತಿದ್ದೀಯ ಅಂದುಕೊಂಡಳು. ನಾನು ತಿದ್ದಲು ಹೋಗಲಿಲ್ಲ.

ನಮ್ಮ ಪಿಕಪ್ಪಿನ ಟರ್ಬೊ ಹೋದ ಕತೆ ನಿನಗೆ ಪೂರ್ತಿ ಹೇಳಿಲ್ಲ. ತಪ್ಪು ನನ್ನದೇ. ಹಳೇ ಜೀಪಿಗೆ ಟರ್ಬೊ ಇರಲಿಲ್ಲ ನೋಡು, ಘಾಟಿ ಹತ್ತಿ ಬಂದ ತಕ್ಷಣ ಕೀ ತಿರುಗಿಸಿ ಇಳಿಯುವುದೇ ಅಭ್ಯಾಸ. ಪಿಕಪ್ಪಿಗೂ ಹಾಗೇ ಮಾಡಿದೆ. ಸಂಪಾಜೆಯಿಂದ ಗೊಬ್ಬರ ತುಂಬಿಕೊಂಡು ಬರುವುದು, ಅಂಗಳದಲ್ಲಿ ನಿಲ್ಲಿಸುವುದು, ಟಕ್ ಅಂತ ಆಫ್. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಅದೂ ತೆಳ್ಳನೆ ಎಣ್ಣೆ ಪದರದ ಮೇಲೆ. ಇಂಜಿನ್ ನಿಂತರೆ ಎಣ್ಣೆ ಹರಿಯುವುದೂ ನಿಲ್ಲುತ್ತದೆ. ಆ ಕಾವಿಗೆ ಒಳಗೆ ಉಳಿದ ಎಣ್ಣೆ ಕರಕಲಾಗುತ್ತದೆ. ಒಂದು ದಿನ ಏರಿನಲ್ಲಿ ನೀಲಿ ಹೊಗೆ ಬಂತು. ಮೆಕ್ಯಾನಿಕ್ ಪೈಪ್ ಬಿಚ್ಚಿ, ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಹಾಲುಹಲ್ಲಿನ ಹಾಗೆ ಅಲುಗಾಡಿತು. ರೆಕ್ಕೆಗಳ ಅಂಚು ಗೋಡೆಗೆ ಉಜ್ಜಿ ಬೆಳ್ಳಗೆ ಮಿಂಚುತ್ತಿತ್ತು. ಆ ವರ್ಷ ಒಂದು ಮೂಟೆ ಕರಿಮೆಣಸು ಅದಕ್ಕೇ ಹೋಯಿತು.

ಈಗ ನಿನ್ನ ಬೈಕಿನ ವಿಷಯ. ಎಣ್ಣೆ ಕೊಡುವುದು ಸುಲಭ, ಅದನ್ನು ವಾಪಸ್ ಇಳಿಸುವುದೇ ಕಷ್ಟ. ಟರ್ಬೊದಿಂದ ಎಣ್ಣೆ ತನ್ನ ಪಾಡಿಗೆ ಕೆಳಗಿಳಿದು ಇಂಜಿನ್ನಿನ ತಳದ ಎಣ್ಣೆ ತೊಟ್ಟಿ ಸೇರಬೇಕು. ಬೈಕಿನಲ್ಲಿ ಅಷ್ಟು ಎತ್ತರದ ಜಾಗ ಎಲ್ಲಿದೆ? ಕೆಳಗೆ ಕೂರಿಸಿದರೆ ಎಣ್ಣೆ ಎಳೆಯಲು ಇನ್ನೊಂದು ಪಂಪು ಬೇಕು. (ಅಮ್ಮನ ಮಾತು ಪೂರ್ತಿ ತಪ್ಪಲ್ಲ.)

ಇನ್ನೊಂದು, ಅದು 1300 ಸಿಸಿ ಡೀಸೆಲ್ ಕಾರಿನದು ಅಂದೆ. ನಿನ್ನದು ಒಂದೇ ಸಿಲಿಂಡರ್, 350 ಸಿಸಿ. ಎರಡು ಸುತ್ತಿಗೊಮ್ಮೆ ಉಸಿರು ಬಿಡುವ ಇಂಜಿನ್. ಅಷ್ಟು ಹೊಗೆಗೆ ಆ ಚಕ್ರ ಬೇಗ ಏಳುವುದಿಲ್ಲ. ಥ್ರಾಟಲ್ ಕೊಟ್ಟು ಕಾಯಬೇಕು, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಜುಲೈ ಮಳೆಯಲ್ಲಿ, ಸಂಪಾಜೆ ತಿರುವಿನಲ್ಲಿ ಎಲೆ ಬಿದ್ದ ರಸ್ತೆಯಲ್ಲಿ ಹಾಗೆ ನುಗ್ಗಿದರೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾ? 1982ರಲ್ಲಿ ಹೊಂಡಾ ಸಿಎಕ್ಸ್500 ಟರ್ಬೊ ತಂದಾಗಲೂ ಇದೇ ದೂರು ಇತ್ತು. ಯಮಹಾ, ಸುಜುಕಿ, ಕವಾಸಕಿ ಕೂಡ ಟರ್ಬೊ ಬೈಕು ಮಾಡಿದವು. ಆ ದಶಕ ಮುಗಿಯುವುದರೊಳಗೆ ನಾಲ್ವರೂ ಕೈಬಿಟ್ಟರು.

ಟರ್ಬೊದ ಗಾಳಿ ಒತ್ತಡ 7 ಪಿಎಸ್‌ಐ ಸಾಕು ಅಂದೆಯಲ್ಲ, ಅದು ಸಣ್ಣದಲ್ಲ. ಹತ್ತಿರ ಹತ್ತಿರ ಅರ್ಧದಷ್ಟು ಜಾಸ್ತಿ ಗಾಳಿ. ಪೆಟ್ರೋಲೂ ಅದೇ ಲೆಕ್ಕದಲ್ಲಿ ಏರಬೇಕು. ಏರದಿದ್ದರೆ ನಾಕಿಂಗ್, ಅಂದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು, ಪಿಸ್ಟನ್ನಿಗೆ ತೂತು. ಕಂಪ್ರೆಷನ್ ಇಳಿಸಬೇಕು, ಕ್ಲಚ್ ಬಲ ಮಾಡಬೇಕು. ಒಂದು ವಿಷಯ ಮಾತ್ರ ನಿನ್ನ ಪರವಾಗಿದೆ: ನಮ್ಮ ಎತ್ತರದಲ್ಲಿ ಗಾಳಿ ಹತ್ತರಲ್ಲೊಂದು ಪಾಲಿನಷ್ಟು ತೆಳು, ಟರ್ಬೊ ಆ ಕೊರತೆ ತುಂಬುತ್ತದೆ. 1918ರಲ್ಲಿ ಅಮೆರಿಕದಲ್ಲಿ ವಿಮಾನದ ಇಂಜಿನ್ನಿಗೆ ಟರ್ಬೊ ಹಾಕಿ, 14,000 ಅಡಿಯ ಬೆಟ್ಟದ ತುದಿಗೇ ಹೊತ್ತೊಯ್ದು ಪರೀಕ್ಷೆ ಮಾಡಿದ್ದರಂತೆ.

ರಸ್ತೆ ಬೈಕಿಗೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅನುಮತಿಯಿಲ್ಲದೆ ಗಾಡಿ ಬದಲಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಜೈಲೂ ಆಗಬಹುದು. ಏನಾದರೂ ಆದರೆ ಇನ್ಶೂರೆನ್ಸ್‌ನವರು ಸುಮ್ನೆ ಬಿಡುತ್ತಾರಾ?

ಆದರೆ ಶೆಡ್ಡಿನಲ್ಲಿ, ಕಾಫಿ ಚೀಲಗಳ ಹಿಂದೆ, ಅಜ್ಜನ ಬೈಕಿನ ಇಂಜಿನ್ ಹಾಗೇ ಬಿದ್ದಿದೆ. ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿ ಕೂರಿಸೋಣ. ಅಲ್ಲಿ ಟರ್ಬೊವನ್ನು ಎಷ್ಟು ಎತ್ತರಕ್ಕೆ ಬೇಕಾದರೂ ಕಟ್ಟಬಹುದು, ಎಣ್ಣೆ ತಾನೇ ಇಳಿಯುತ್ತದೆ. ಒಡೆದರೆ ಒಡೆಯಲಿ. ಕೊಯ್ಲು ಮುಗಿಸಿ ಹೂಮಳೆಗೆ ಕಾಯುವ ದಿನಗಳಲ್ಲಿ ನನಗೂ ಪುರುಸೊತ್ತು.

ಬರುವಾಗ ಟರ್ಬೊದ ಒತ್ತಡ ಅಳೆಯಲು ಒಂದು ಬೂಸ್ಟ್ ಗೇಜ್ ತಾ. ಅದಕ್ಕೂ ಮೊದಲು ಆ ಶಾಫ್ಟಿನ ತುದಿ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡು. ಅಲುಗಾಡಿದರೆ ಗುಜರಿಯವನಿಗೆ ನಾಳೆಯೇ ವಾಪಸ್ ಕೊಡು.

ನಿನ್ನ
ಅಪ್ಪ