ಹೆಣಿಗೆಯ ಚಿತ್ರ ಸಾಕು, ಲೆಕ್ಕ ಹಾಕಿ

ಮಾನ್ಯ ಸಂಪಾದಕರೆ,

ಶರದೃತು ಬಂತೆಂದರೆ ಪತ್ರಿಕೆಗಳಲ್ಲಿ ಕೈಹೆಣಿಗೆಯ ಸ್ವೆಟರ್‌ಗಳ ಬಣ್ಣದ ಚಿತ್ರಗಳು ಬರುತ್ತವೆ. ಹೆಣೆಯುವ ಲೆಕ್ಕ ಮಾತ್ರ ಬರುವುದಿಲ್ಲ. ಎಷ್ಟೋ ಸ್ವೆಟರ್‌ಗಳು ಮೂಲೆ ಸೇರುವುದು ಅಳತೆ ತಪ್ಪಿಯೇ.

ಮೊದಲು 15 ಸೆಂ.ಮೀ. ಚೌಕದ ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಕುಣಿಕೆ ಎಣಿಸಬೇಕು. ಅಂಚು ಸುರುಳಿಕೊಳ್ಳುವುದರಿಂದ ಅಲ್ಲಿನ ಎಣಿಕೆ ನಂಬುವಂತಿಲ್ಲ. ಹೆಣಿಗೆಯ ಲೆಕ್ಕದಂತೆ 10 ಸೆಂ.ಮೀ.ಗೆ 22 ಕುಣಿಕೆ ಇರಬೇಕಾದಲ್ಲಿ 20 ಬಂದರೆ, 176 ಕುಣಿಕೆಯ ಎದೆಸುತ್ತು 80ರ ಬದಲು 88 ಸೆಂ.ಮೀ. ಆಗುತ್ತದೆ. ಆಗ 4 ಮಿ.ಮೀ. ಕಡ್ಡಿ ಬಿಟ್ಟು 3.5 ಹಿಡಿದು, ಇನ್ನೊಂದು ತುಂಡು ಹೆಣೆದು ನೋಡಬೇಕು. ಬೇಸರದ ಕೆಲಸ, ನಿಜ. ಇಡೀ ಸ್ವೆಟರ್ ಬಿಚ್ಚುವುದು ಅದಕ್ಕಿಂತ ಬೇಸರ.

ಉಣ್ಣೆ ನೂಲಿನ ಲಡಿಯನ್ನು, ಅಂದರೆ ಸಡಿಲ ಸುತ್ತಿನ ಕಟ್ಟನ್ನು, ಉಂಡೆ ಮಾಡುವ ಕೆಲಸ ಮಕ್ಕಳಿಗೆ ಬಲು ಇಷ್ಟ. ಒಬ್ಬರು ಎರಡೂ ಕೈಗೆ ಲಡಿ ಹಾಕಿಕೊಂಡು ಕೂತರೆ ಇನ್ನೊಬ್ಬರು ಸುತ್ತಬಹುದು. ಸುತ್ತುವಾಗ ಉಂಡೆಯ ಮೇಲೆ ಎರಡು ಬೆರಳಿಟ್ಟು, ಆಗಾಗ ಬೆರಳು ಹೊರಗೆಳೆಯಲಿ. ಬಿಗಿಯಾಗಿ ಸುತ್ತಿದರೆ ಉಣ್ಣೆ ಎಳೆದುಕೊಂಡಿದ್ದು, ಒಗೆದ ಮೇಲೆ ಬಟ್ಟೆ ಗಿಡ್ಡವಾಗುತ್ತದೆ.

ಕುತ್ತಿಗೆಯ ಕೊನೆಯ ಸಾಲನ್ನು ಒಂದು ಅಳತೆ ದಪ್ಪ ಕಡ್ಡಿಯಲ್ಲಿ ಮುಗಿಸದಿದ್ದರೆ ಅಂಚು ಬಿಗಿಯಾಗಿ ತಲೆ ತೂರದೆ ಹೋಗಬಹುದು.

ಹಳೆಯ ಸ್ವೆಟರ್ ಬಿಚ್ಚಿ ನೂಲು ತೆಗೆಯುವವರು ಮೊದಲು ಬದಿಯ ಹೊಲಿಗೆ ನೋಡಲಿ. ಹೆಣೆದ ಬಟ್ಟೆಯನ್ನು ಕತ್ತರಿಸಿ ಮೆಷಿನ್ ಹೊಲಿಗೆ ಹಾಕಿದ್ದರೆ ಸಾಲಿಗೊಂದು ತುಂಡು ನೂಲಷ್ಟೇ ಸಿಗುತ್ತದೆ.

— ಹೆಣಿಗೆ ಕಲಿಸುವ ಇಬ್ಬರು ಓದುಗರು