ಬೆನ್ನುಹುರಿ ಗಾಯಕ್ಕೆ ಎಲ್ಲ ಕಡೆ ಒಂದೇ ಫಾರಂ ಇರಲಿ: ಆರೋಗ್ಯ ಸಚಿವರಿಗೊಂದು ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್. ಅನುದಾನ ಕೇಳೋಕೆ ಬರೆಯುತ್ತಿಲ್ಲ, ಹೊಸ ಕಟ್ಟಡವೂ ಬೇಡ. ಬೆನ್ನುಹುರಿಗೆ ಪೆಟ್ಟು ಬಿದ್ದವರ ವಿವರವನ್ನು ಎಲ್ಲ ಆಸ್ಪತ್ರೆಗಳೂ ಒಂದೇ ಥರ ಬರೆಯಬೇಕು ಅಂತ ಒಂದು ಆದೇಶ ಬೇಕು, ಅಷ್ಟೇ.

ಹೋದ ವರ್ಷ ಒಂದು ಅಧ್ಯಯನಕ್ಕಾಗಿ ಹಳೆಯ ಕೇಸ್ ಶೀಟುಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದೆ. ಒಬ್ಬರದೇ ಎರಡು ಶೀಟು ಸಿಕ್ಕವು, ಎರಡು ಆಸ್ಪತ್ರೆಯವು. ಗಾಯದ ಜಾಗ ಒಂದರಲ್ಲಿ 'ಟಿ12' (ಎದೆಭಾಗದ ಹನ್ನೆರಡನೇದು), ಇನ್ನೊಂದರಲ್ಲಿ 'ಎಲ್2' (ಸೊಂಟದ ಎರಡನೇದು). ಗಾಯವೇನು ಕೆಳಗೆ ಜಾರಿತಾ? ಇಲ್ಲ. ಮೊದಲಿನವರು ಮುರಿದ ಮೂಳೆಯ ನಂಬರು ಬರೆದಿದ್ದರು, ಎರಡನೆಯವರು ನರ ಎಲ್ಲಿವರೆಗೆ ಸರಿಯಾಗಿ ಕೆಲಸ ಮಾಡುತ್ತಿದೆ ಅನ್ನೋದನ್ನು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೇ ಇಲ್ಲವೇ ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ, ಹಾಗಾಗಿ ಮೂಳೆಯ ನಂಬರಿಗೂ ನರದ ನಂಬರಿಗೂ ತಾಳೆಯಾಗೋದಿಲ್ಲ. ಇಬ್ಬರದೂ ತಪ್ಪಲ್ಲ, ಆದರೆ ಶೀಟಿನಲ್ಲಿದ್ದದ್ದು ಒಂದೇ ಖಾನೆ.

ಇನ್ನೂ ದೊಡ್ಡ ತಲೆನೋವು 'ಕಂಪ್ಲೀಟ್' ಅನ್ನೋ ಪದ, ಅಂದರೆ ಬೆನ್ನುಹುರಿಯ ತುದಿಯ ನರಗಳವರೆಗೆ ಸ್ಪರ್ಶವೂ ಚಲನೆಯೂ ಉಳಿದಿಲ್ಲ ಅಂತ. ಕಾಲು ಅಲ್ಲಾಡದಿದ್ದರೆ ಸಾಕು, ಹಾಗಂತ ಬರೆದುಬಿಡುತ್ತಾರೆ. ನಿಯಮದ ಪ್ರಕಾರ ಗುದದ್ವಾರದ ಸುತ್ತ ಸ್ಪರ್ಶ, ಸೂಜಿಯ ಚುಚ್ಚು ತಿಳಿಯುತ್ತದಾ, ಒಳಗೆ ಒತ್ತಿದ್ದು ಗೊತ್ತಾಗುತ್ತದಾ, ಬೇಕೆಂದಾಗ ಬಿಗಿಹಿಡಿಯೋಕೆ ಆಗುತ್ತದಾ ಅಂತ ನೋಡಬೇಕು. ಇದರಲ್ಲಿ ಒಂದು ಉಳಿದಿದ್ದರೂ ಅದು 'ಇನ್‌ಕಂಪ್ಲೀಟ್'. ಮುಜುಗರದ ಪರೀಕ್ಷೆ, ಆದ್ದರಿಂದಲೇ ಬಿಟ್ಟುಹೋಗುತ್ತದೆ ಅನ್ನೋದು ನನ್ನ ಗುಮಾನಿ. ಇನ್‌ಕಂಪ್ಲೀಟ್ ಇರುವವರು ಸುಧಾರಿಸೋದು ಜಾಸ್ತಿ. ಅವರು ತಪ್ಪಿ 'ಕಂಪ್ಲೀಟ್' ಗುಂಪಿಗೆ ಸೇರಿಬಿಟ್ಟರೆ, ಏನೂ ಕೆಲಸ ಮಾಡದ ಔಷಧಿಯೂ ಪವಾಡ ಮಾಡಿದ ಹಾಗೆ ಕಾಣುತ್ತದೆ. ಪರೀಕ್ಷೆ ಮಾಡಿದ್ದು ಪೆಟ್ಟು ಬಿದ್ದ ದಿನವೋ, ವಾರ ಕಳೆದ ಮೇಲೋ? ಬಹಳಷ್ಟು ಶೀಟುಗಳಲ್ಲಿ ಅದೂ ಇರಲಿಲ್ಲ.

ಇದಕ್ಕೆ ಸಮಿತಿ ಗಿಮಿತಿ ಬೇಡ ಸಾರ್. ಅಮೆರಿಕನ್ ಸ್ಪೈನಲ್ ಇಂಜುರಿ ಅಸೋಸಿಯೇಷನ್ 1982ರಲ್ಲೇ ಈ ಗಾಯವನ್ನು ಅಳೆಯೋಕೆ ಮಾನದಂಡ ತಂದಿತು, ಈಗ ಅದು ಅಂತರರಾಷ್ಟ್ರೀಯ ಮಾನದಂಡ. ಒಂದೊಂದು ಬದಿಗೆ 10 ಸ್ನಾಯು, ಒಂದೊಂದಕ್ಕೆ 0ರಿಂದ 5 ಅಂಕ, ಒಟ್ಟು 100. ಸ್ಪರ್ಶಕ್ಕೆ ಬೇರೆ ಅಂಕ, ಕೊನೆಗೆ 'ಎ'ಯಿಂದ (ಕಂಪ್ಲೀಟ್) 'ಇ'ವರೆಗೆ (ಎಲ್ಲ ಸರಿ) ಒಂದು ದರ್ಜೆ. ಗಾಯದ ದಿನಾಂಕ, ಕಾರಣ, ಉಸಿರಾಟದ ಯಂತ್ರ ಬೇಕಾಯಿತಾ ಅನ್ನೋಂಥ ಕನಿಷ್ಠ ವಿವರಗಳ ಪಟ್ಟಿಯೂ 2006ರಲ್ಲೇ ಬಂದಿದೆ. ನೀವು ಇವೆರಡನ್ನೂ ಕಡ್ಡಾಯ ಮಾಡಿದರೆ ಆಯಿತು.

ವೈದ್ಯರಿಗೆ ಪುರುಸೊತ್ತಿಲ್ಲ ಅಂತಾರೆ, ನಿಜ. ಪೂರ್ತಿ ಪರೀಕ್ಷೆಗೆ ಸಮಯ ಹಿಡಿಯುತ್ತದೆ, ತರಬೇತಿಯೂ ಬೇಕು. ಆದರೆ ಈ ಗಾಯ ಅಪರೂಪದ್ದು, ಯಾವ ಒಂದು ಆಸ್ಪತ್ರೆಯಲ್ಲೂ ಅಧ್ಯಯನಕ್ಕೆ ಸಾಕಾಗುವಷ್ಟು ಜನ ಸಿಗೋದು ಕಷ್ಟ. ಹತ್ತು ಕಡೆಯ ಲೆಕ್ಕ ಕೂಡಿಸಲೇಬೇಕು. ಒಬ್ಬರು ಅಂಕ ಕೊಟ್ಟು, ಇನ್ನೊಬ್ಬರು ಸುಮ್ನೆ 'ಕಾಲಿನ ಶಕ್ತಿ ಕಡಿಮೆ' ಅಂತ ಬರೆದರೆ ಏನಂತ ಕೂಡಿಸೋದು?

ಆದೇಶದಲ್ಲಿ ಇಷ್ಟಿರಲಿ: ಮೂಳೆಗೊಂದು ಖಾನೆ, ನರಕ್ಕೊಂದು ಖಾನೆ, ಪರೀಕ್ಷೆಯ ದಿನಾಂಕ. ನೋಡಲಾಗದಿದ್ದರೆ 'ಪರೀಕ್ಷಿಸಿಲ್ಲ' ಅಂತ ಬರೆಯಲಿ, ಖಾಲಿ ಬಿಡೋದು ಬೇಡ. ಖಾಲಿ ಖಾನೆ ನೋಡಿದರೆ ಚೆನ್ನಾಗಿದ್ದರೋ, ಯಾರೂ ನೋಡಲೇ ಇಲ್ಲವೋ ಗೊತ್ತಾಗೋದಿಲ್ಲ, ಅಲ್ವಾ?

ಆ ಎರಡು ಶೀಟಿನವರನ್ನು ಕೊನೆಗೆ ನಾನು ಅಧ್ಯಯನದಿಂದ ಕೈಬಿಟ್ಟೆ. ಒಪ್ಪಿಗೆ ಪತ್ರಕ್ಕೆ ಅವರು ಖುಷಿಯಿಂದ ಸಹಿ ಹಾಕಿದ್ದರು.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್