ಪೈಪಿನ ತುದಿಯಲ್ಲಿ ಕೂತು ಅಗೆದ ಅಣ್ಣನಿಗೆ

ಅಣ್ಣಾ, 2023ರ ನವೆಂಬರಿನಲ್ಲಿ ಉತ್ತರಕಾಶಿಯ ಸಿಲ್ಕ್ಯಾರಾ ಸುರಂಗ ಕುಸಿದು 41 ಮಂದಿ 17 ದಿನ ಒಳಗೇ ಉಳಿದರು. ಅವರನ್ನು ಹೊರಗೆ ತರಲು ಕುಸಿದ ರಾಶಿಯೊಳಗೆ ಪೈಪು ತೂರಿಸುತ್ತಿದ್ದಾಗ, ಕೊನೆಯ ಭಾಗವನ್ನು ಕೈಯಲ್ಲೇ ಅಗೆದವರು ನೀವು. ಕಾಸರಗೋಡಿನ ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡ ಕೊರೆಯುವ ನಮಗೆ ನಿಮ್ಮ ಕಷ್ಟ ಅಳತೆಯಲ್ಲೇ ತಿಳಿಯುತ್ತದೆ. ನಮ್ಮ ಸುರಂಗದಲ್ಲಿ ಬಗ್ಗಿಯಾದರೂ ನಿಲ್ಲಬಹುದು. ನಿಮಗಿದ್ದದ್ದು 800 ಮಿಲಿಮೀಟರ್ ಪೈಪು, ಎರಡೂವರೆ ಅಡಿ ಚಿಲ್ಲರೆ.

ಪೈಪಿಗೆ ದಾರಿ ಕೊರೆಯುತ್ತಿದ್ದ ಆಗರ್ ಯಂತ್ರದ ಬ್ಲೇಡು ಕಬ್ಬಿಣಕ್ಕೆ ಸಿಕ್ಕಿ ಮುರಿಯಿತು. ಅದನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದ ಮೇಲೆ ಉಳಿದ ಹತ್ತು–ಹನ್ನೆರಡು ಮೀಟರು ಕೈಯದೇ ಕೆಲಸ. ಮುಂದಿನವ ಅಗೆಯುವುದು, ಹಿಂದಿನವ ಮಣ್ಣು ತುಂಬುವುದು, ಹೊರಗಿನವರು ಹಗ್ಗದಲ್ಲಿ ಟ್ರಾಲಿ ಎಳೆಯುವುದು, ಆಮೇಲೆ ಯಂತ್ರ ಪೈಪನ್ನು ಒಂದಿಷ್ಟು ಮುಂದೆ ತಳ್ಳುವುದು. ಈ ಕ್ರಮ ತಪ್ಪಬಾರದು. ಪೈಪು ಬಿಟ್ಟು ತುಂಬ ಮುಂದೆ ಅಗೆದರೆ ಮೇಲಿನ ಸಡಿಲ ಮಣ್ಣಿಗೆ ಆಸರೆಯೇ ಇಲ್ಲ, ತಲೆಯ ಮೇಲೇ ಬರುತ್ತದೆ. ನಮ್ಮ ಮುರಕಲ್ಲಾದರೆ ತಾನಾಗಿಯೇ ಕಮಾನಿನಂತೆ ನಿಲ್ಲುತ್ತದೆ. ಜೇಡಿ ಸಿಕ್ಕಿದಲ್ಲಿ ಮಾತ್ರ ಜೀವ ಕೈಯಲ್ಲಿ. ನಿಮ್ಮೆದುರು ಇದ್ದದ್ದು ಪೂರಾ ಕುಸಿದ ರಾಶಿ, ನಡುನಡುವೆ ಕಬ್ಬಿಣ ಬೇರೆ!

ಬಹಳ ಉಪಕಾರವಾಯಿತು ಅಣ್ಣಾ. ಈ ಕಡೆ ಬಂದರೆ ನಮ್ಮ ಸುರಂಗದ ನೀರು ಕುಡಿದೇ ಹೋಗಬೇಕು. ಬೆಲ್ಲವೂ ಇದೆ.